ಅರವತ್ತೊಂದನೆಯ ಪುಟದ ಹೆಬ್ಬೆಟ್ಟು

ಕಳೆದ ಭಾನುವಾರ ಬೆಂಗಳೂರಿನ ಹತ್ತಿರದ ಮಧುರೆ ಹಳ್ಳಿಯಲ್ಲಿ ಗೆಳೆಯ ಗಂಗರಾಜು ತನ್ನ ಮನೆಯ ಬೀರುವಿನಿಂದ ಒಂದು ಪುಸ್ತಕ ತೆಗೆದು ನನ್ನ ಮುಂದೆ ಇಟ್ಟ. ತೆರೆಯುವುದಕ್ಕೆ ಮೊದಲೇ ವಾಸನೆ ಬಂತು. ಕಾದ ಕಬ್ಬಿಣವನ್ನು ಅದ್ದಿ ತಣಿಸುವ ಎಣ್ಣೆಯ ವಾಸನೆ ಅದು. ಸುಟ್ಟ ಎಣ್ಣೆ, ಅದರ ಹಿಂದೆ ಸ್ವಲ್ಪ ಹೊಗೆ. ದಾಬಸ್‌ಪೇಟೆಯ ಆ ಕಾರ್ಖಾನೆಯನ್ನು ನಾನು ಬಿಟ್ಟು ನಾಲ್ಕು ವರ್ಷ ಕಳೆದಿದೆ. ಪುಸ್ತಕ ಇನ್ನೂ ಬಿಟ್ಟಿಲ್ಲ.

ಅದು ಹಿಮಾಲಯದ ಚಾರಣದ ಕೈಪಿಡಿ, ಇಂಗ್ಲಿಷಿನದು. ಅರವತ್ತೊಂದನೆಯ ಪುಟ ತೆಗೆದೆ. ಒಂದು ಸಾಲಿನ ಮೇಲೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು, ಗೆರೆಗಳನ್ನು ಎಣಿಸಬಹುದು. ಅದರ ಮೇಲೆ ನನ್ನ ಬೆರಳಿಟ್ಟೆ. ಆರು ವರ್ಷವಾದರೂ ಮಾಸಿಲ್ಲ. ಗಂಗರಾಜು ಕಂಡೂ ಕಾಣದವನಂತೆ ಅವರೆಕಾಯಿ ಸುಲಿಯುತ್ತ ಕೂತಿದ್ದ.

ಆ ಮಳೆಗಾಲದಲ್ಲಿ ಆದದ್ದನ್ನು ಆದ ಹಾಗೆ ಬರೆದಿಡಬೇಕು ಅನ್ನಿಸಿತು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಗೇರು, ಶಾಫ್ಟುಗಳನ್ನು ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡಿಕೊಡುತ್ತಿದ್ದೆವು. ನನ್ನದು ಪ್ಲಾನಿಂಗ್ ಕೆಲಸ. ಯಾವ ಸರಕು ಯಾವ ಕುಲುಮೆಗೆ, ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ ಎಂದು ಪಟ್ಟಿ ಹಾಕುವುದು. ವರ್ಷಗಟ್ಟಲೆ ಅದನ್ನೇ ಮಾಡಿದವನಿಗೆ ಒಂದು ರೋಗ ಹತ್ತುತ್ತದೆ. ಏನೂ ನಡೆಯದ ಹೊತ್ತು ಎಲ್ಲಿ ಕಂಡರೂ ಅದನ್ನು ಕತ್ತರಿಸಬೇಕು ಅನ್ನಿಸುತ್ತದೆ. ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ನಾನು ಎರಡು ಜೊತೆ ಶೂ ಪಾಲಿಶ್ ಮಾಡಿ ಮುಗಿಸುತ್ತಿದ್ದೆ.

ಕುಲುಮೆ ನೋಡಿಕೊಳ್ಳುತ್ತಿದ್ದವರು ತಿಮ್ಮರಾಯಪ್ಪ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ಏಳನೇ ಕ್ಲಾಸು ಓದಿದವರು. ನಮ್ಮಿಬ್ಬರಿಗೂ ಒಂದು ಹಳೆಯ ಜಗಳವಿತ್ತು. ಕಬ್ಬಿಣವನ್ನು ಒಂದೇ ಸಮನೆ ಕಾಯಿಸುವಂತಿಲ್ಲ. ಸ್ವಲ್ಪ ಏರಿಸಬೇಕು, ಅದೇ ಬಿಸಿಯಲ್ಲಿ ಗಂಟೆಗಟ್ಟಲೆ ಹಿಡಿದು ನಿಲ್ಲಿಸಬೇಕು, ಹೊರಗಿನ ಬಿಸಿ ಒಳತಿರುಳಿಗೆ ತಲುಪಿದ ಮೇಲೆ ಮತ್ತೆ ಏರಿಸಬೇಕು. ಹಾಗೆ ಹಿಡಿದು ನಿಲ್ಲಿಸುವುದಕ್ಕೆ ಸೋಕಿಂಗ್ ಎನ್ನುತ್ತಿದ್ದರು. ನನ್ನ ಪಟ್ಟಿಯಲ್ಲಿ ಅದು ಬರೀ ಖಾಲಿ ಹೊತ್ತು. ಅರ್ಧ ಗಂಟೆ ಕಡಿಮೆ ಮಾಡಿ ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದೆ. "ನೀವ್ ಬರ್ಕಳಿ ಸಾರ್, ನಾನ್ ಮಾಡಲ್ಲ" ಎಂದು ಅವರು ನಗುತ್ತಿದ್ದರು.

ಗಂಗರಾಜು ಅಲ್ಲಿ ಎಲೆಕ್ಟ್ರಿಷಿಯನ್. ನನ್ನ ಓರಗೆಯವನು. ಮಧುರೆಯಲ್ಲಿ ಎರಡೆಕರೆ ರಾಗಿ ಹೊಲ. ಶಿಫ್ಟಿಗೆ ಮುಂಚೆ ಹೊಲ ಸುತ್ತಿ ಬರುತ್ತಿದ್ದ. ಎಂಬತ್ತು ಕೆಜಿ ಮೋಟರನ್ನು ಒಬ್ಬನೇ ಎತ್ತಿ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಪುಸ್ತಕವನ್ನು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡುತಂದವನು ಅವನೇ. ಮುಖಪುಟದಲ್ಲಿ ಹಿಮದ ಮೇಲೊಂದು ಕಲ್ಲುದಾರಿ, ಅದರ ತುದಿಯಲ್ಲಿ ಇರುವೆಯಷ್ಟು ಸಣ್ಣಗೆ ಕೋಲು ಹಿಡಿದ ಒಬ್ಬ ಮನುಷ್ಯ. "ಇವ್ನು ನಿಂತವ್ನಲ್ಲ, ಅಲ್ಲಿ ನಾನೊಂದ್ಸಲ ನಿಂತ್ಕಬೇಕು ಗುರು. ಅಷ್ಟೇ" ಎಂದ. ರಾಜ್ಯ ದಾಟಿ ಹೊರಗೆ ಹೋದವನಲ್ಲ. ನಾನೂ ಹೋದವನಲ್ಲ.

ಜೂನ್ ತಿಂಗಳಿಂದ ದಿನಾ ಮಧ್ಯಾಹ್ನ ಕ್ಯಾಂಟೀನಿನ ಹಿಂದೆ ಹೊಂಗೆ ಮರದ ಕೆಳಗೆ ಪುಸ್ತಕ ಬಿಚ್ಚುತ್ತಿದ್ದೆವು. ಮಳೆ ಬಂದರೆ ನನ್ನ ಕ್ಯಾಬಿನ್ನಿನಲ್ಲಿ. ಗಂಗರಾಜುವಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು; ಪ್ಯಾನೆಲ್ಲಿನ ಮೇಲೆ ಬರೆದದ್ದೆಲ್ಲ ಓದುತ್ತಿದ್ದ. ಪುಸ್ತಕದ ಉದ್ದುದ್ದ ವಾಕ್ಯಗಳು ಮಾತ್ರ ಅವನಿಗೆ ದಕ್ಕುತ್ತಿರಲಿಲ್ಲ. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಎಷ್ಟು ಜೊತೆ ಕಾಲುಚೀಲ, ಯಾವ ಹೊಳೆಯನ್ನು ಬೆಳಿಗ್ಗೆಯೇ ದಾಟಬೇಕು, ಎತ್ತರದಲ್ಲಿ ಅಕ್ಕಿ ಯಾಕೆ ಬೇಗ ಬೇಯುವುದಿಲ್ಲ.

"ಅಕ್ಕಿನೇ ಬೇಯಲ್ಲ ಅಂದ್ರೆ ಮುದ್ದೆ?"

"ಮುದ್ದೆ ಬಗ್ಗೆ ಬರೆದಿಲ್ಲ ಕಣೋ."

"ಮತ್ಯಾವ್ ಸೀಮೆ ಬುಕ್ಕು ಇದು. ಹುರಿಹಿಟ್ಟು ತಗಂಡ್ ಹೋಗಾಣ ಬುಡು, ಅದ್ಕೆ ಒಲೆನೇ ಬೇಡ."

ರಜೆಗೆ ಒಂದೇ ದಾರಿಯಿತ್ತು. ಸೆಪ್ಟೆಂಬರಿನಲ್ಲಿ ದೊಡ್ಡ ಕುಲುಮೆಯ ಒಳಗಿನ ಇಟ್ಟಿಗೆ ಕಿತ್ತು ಹೊಸದು ಕಟ್ಟುವವರಿದ್ದರು. ಆಗ ಹದಿನೈದು ದಿನ ಕೆಲಸವಿಲ್ಲ. ನಾವು ಆರಿಸಿಕೊಂಡ ದಾರಿ ಐದು ಸಾವಿರ ಮೀಟರ್ ಎತ್ತರದ ಒಂದು ಪಾಸನ್ನು, ಅಂದರೆ ಎರಡು ಬೆಟ್ಟಗಳ ನಡುವಿನ ಕಂಡಿಯನ್ನು, ದಾಟುತ್ತಿತ್ತು. ಪುಸ್ತಕದ ಲೆಕ್ಕದಲ್ಲಿ ನಡಿಗೆ ಒಂಬತ್ತು ದಿನ. ದೆಹಲಿಗೆ ರೈಲಿನಲ್ಲಿ ಹೋಗಲು ಎರಡು ದಿನ, ಬರಲು ಎರಡು. ಅಲ್ಲಿಂದ ನಡಿಗೆ ಶುರುವಾಗುವ ಊರಿಗೆ ಬಸ್ಸಿನಲ್ಲಿ ಎರಡು, ವಾಪಸ್ಸು ಎರಡು. ಒಟ್ಟು ಹದಿನೇಳು. ಎರಡು ದಿನ ಸಾಲದು.

ವಿಮಾನದಲ್ಲಿ ಹೋದರೆ ಸಾಲುತ್ತಿತ್ತು. ಆದರೆ ಗಂಗರಾಜು ವಿಮಾನ ಹತ್ತುವವನಲ್ಲ. ಲೈಟು ಕಂಬವನ್ನು ಮಳೆಯಲ್ಲೂ ಏರುವ ಮನುಷ್ಯ ದೇವನಹಳ್ಳಿ ಕಡೆಯಿಂದ ತಲೆಯ ಮೇಲೆ ವಿಮಾನ ಹಾದರೆ ಕತ್ತು ಬಗ್ಗಿಸುತ್ತಿದ್ದ. "ಎಷ್ಟ್ ಎತ್ರಕ್ ಬೇಕಾದ್ರೂ ಬರ್ತೀನಿ, ಕಾಲ್ ಮಾತ್ರ ನೆಲದ್ ಮೇಲಿರ್ಬೇಕು" ಎನ್ನುತ್ತಿದ್ದ. ಇಡೀ ಕಾರ್ಖಾನೆ ಅದಕ್ಕೆ ನಗುತ್ತಿತ್ತು. ಅವನಿಗೆ ಅದು ನಗುವ ವಿಷಯವಾಗಿರಲಿಲ್ಲವೆಂದು ನನಗೆ ಗೊತ್ತಿತ್ತು.

ಪುಸ್ತಕದ ಒಂಬತ್ತು ದಿನದಲ್ಲಿ ಎರಡು ದಿನಗಳ ಮುಂದೆ ನಡಿಗೆಯೇ ಇರಲಿಲ್ಲ. ಮೂರನೆಯ ದಿನ, ಆರನೆಯ ದಿನ. ಎರಡರಲ್ಲೂ ಹಿಂದಿನ ದಿನದ ಎತ್ತರವನ್ನೇ ಮತ್ತೆ ಬರೆದಿತ್ತು. ಎತ್ತರದ ತೆಳುಗಾಳಿಗೆ ಮೈ ಒಗ್ಗುವವರೆಗೆ ಯಾಕೆ ನಿಲ್ಲಬೇಕು ಎಂಬುದು ಅರವತ್ತೊಂದನೆಯ ಪುಟದಲ್ಲಿತ್ತು. ನಾನು ಅದನ್ನು ಓದಿದೆ, ಅರ್ಥವಾಯಿತು. ಹೆಚ್ಚು ವಯಸ್ಸಾದವರಿಗೆ, ಬಡಕಲು ದೇಹದವರಿಗೆ ಇದ್ದೀತು ಅಂದುಕೊಂಡೆ. ಪೆನ್ಸಿಲಿನಿಂದ ಎರಡೂ ದಿನಗಳ ಮೇಲೆ ಗೆರೆ ಎಳೆದೆ. ಹದಿನೈದಕ್ಕೆ ಸರಿಹೋಯಿತು.

ಇಷ್ಟೇ ಆಗಿದ್ದರೆ ತಪ್ಪು ಲೆಕ್ಕ ಎನ್ನಬಹುದಿತ್ತು. ಮರುದಿನ ಮಧ್ಯಾಹ್ನ ಆ ಪುಟವನ್ನು ಗಂಗರಾಜುವಿಗೆ ಓದಿ ಹೇಳುವಾಗ ಆ ಸಾಲು ಬಂತು. ನಾನು ಅದನ್ನು ಹೇಳಲಿಲ್ಲ. ಮೇಲಿನ ಸಾಲು ಹೇಳಿ, ಕೆಳಗಿನ ಸಾಲಿಗೆ ಹೋದೆ. ಅವನು ಉಪ್ಪಿನಕಾಯಿ ನೆಕ್ಕುತ್ತ "ಹೂಂ, ಆಮೇಲೆ?" ಎಂದ.

ಭಾನುವಾರಗಳಲ್ಲಿ ಅಭ್ಯಾಸಕ್ಕೆಂದು ಶಿವಗಂಗೆ ಬೆಟ್ಟ ಹತ್ತುತ್ತಿದ್ದೆವು. ಗಂಗರಾಜು ಬೆನ್ನಿಗೆ ಹತ್ತು ಸೇರು ರಾಗಿಯ ಚೀಲ ಕಟ್ಟಿಕೊಂಡು ಹತ್ತಿ, ಮೇಲೆ ಕೂತು ನನಗೆ ಕಾಯುತ್ತಿದ್ದ. ಅಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯ ಕುಳಿಗೆ ಕೈ ಇಳಿಬಿಟ್ಟರೆ ಪುಣ್ಯವಂತರ ಬೆರಳಿಗೆ ನೀರು ತಾಗುತ್ತದೆ ಎಂದು ನಂಬಿಕೆ. ಅವನ ಕೈ ಒದ್ದೆಯಾಗಿ ಬಂತು. ನನ್ನದು ಒಣಗಿತ್ತು.

"ಏನ್ ಪಾಪ ಮಾಡಿದ್ದೀಯಪ್ಪಾ ಪ್ಲಾನಿಂಗು?"

"ಕೈ ಗಿಡ್ಡ ಕಣೋ ನಂದು" ಎಂದೆ. ಇಬ್ಬರೂ ನಕ್ಕೆವು.

ಆಗಸ್ಟಿನಲ್ಲಿ ನಾನು ನಮ್ಮ ದಾರಿಯನ್ನು ಗ್ರಾಫ್ ಹಾಳೆಯ ಮೇಲೆ ಬರೆದೆ. ಅಡ್ಡಕ್ಕೆ ದಿನ, ಉದ್ದಕ್ಕೆ ಎತ್ತರ. ಕುಲುಮೆಯ ಚಾರ್ಟನ್ನು ಬರೆಯುವ ಅದೇ ಹಾಳೆ, ಅದೇ ಕೆಂಪು ಪೆನ್ನು. ಕ್ಯಾಬಿನ್ನಿನ ಗಾಜಿಗೆ ಅಂಟಿಸಿದೆ. ನನಗೆ ಅದರ ಮೇಲೆ ಹೆಮ್ಮೆಯಿತ್ತು. ಗೆರೆ ಎಲ್ಲೂ ನಿಲ್ಲದೆ ನೇರ ಏರುತ್ತಿತ್ತು.

ಎರಡು ದಿನದ ಮೇಲೆ ಊಟದ ಹೊತ್ತಿನಲ್ಲಿ ತಿಮ್ಮರಾಯಪ್ಪ ಮುಂದಿನ ಶಿಫ್ಟಿನ ಪಟ್ಟಿ ಕೇಳಲು ಬಂದರು. ಗಂಗರಾಜು ಅಲ್ಲೇ ಡಬ್ಬಿ ಬಿಚ್ಚಿದ್ದ. ತಿಮ್ಮರಾಯಪ್ಪ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತ ಗಾಜಿನ ಮುಂದೆ ನಿಂತರು.

"ಇದ್ಯಾವ್ ಪಾರ್ಟಿ ಸರಕು ಸಾರ್? ಹೊಸ್ದಾ?"

"ಅದು ಸರಕಲ್ಲ ತಿಮ್ಮಣ್ಣ."

ಅವರು ಹಣೆಯ ಮೇಲಿನ ಕನ್ನಡಕ ಇಳಿಸಿ ಗೆರೆಯ ಉದ್ದಕ್ಕೂ ಬೆರಳಾಡಿಸಿದರು. "ಎರಡ್ ಸಾವಿರದ್ ಒಂಬೈನೂರು, ಮೂರ್ ಸಾವಿರದ್ ಆರ್ನೂರು, ನಾಕ್ ಸಾವಿರದ್ ನೂರು... ಇಷ್ಟ್ ಡಿಗ್ರಿಗೆ ಕುಲುಮೆನೇ ಕರಗೋಯ್ತದಲ್ಲ ಸಾರ್!"

ಗಂಗರಾಜು ನಗಲು ಹೋಗಿ ಅನ್ನ ನೆತ್ತಿಗೇರಿಸಿಕೊಂಡ. "ಡಿಗ್ರಿ ಅಲ್ಲ ಕಣಣ್ಣೋ, ಮೀಟ್ರು. ಹಿಮಾಲ್ಯ ಅದು. ನಾನೂ ಮೂರ್ತೀನೂ ಹತ್ತೋದು."

"ಓಹೋ, ಬೆಟ್ವಾ?" ಅವರು ಮತ್ತೆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ನನ್ನ ಚಾರ್ಟುಗಳನ್ನು ನೋಡುವಾಗಿನ ಅದೇ ಮುಖ. "ಎಲ್ಲಾ ಸರಿ. ಸೋಕಿಂಗ್ ಎಲ್ಲಿ ಸಾರ್?"

"ಬೆಟ್ಟಕ್ಕೆ ಎಂಥ ಸೋಕಿಂಗ್ ತಿಮ್ಮಣ್ಣ" ಎಂದೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.

"ಬೆಟ್ಟಕ್ಕಲ್ಲ ಸಾರ್, ನಿಮ್ಗೆ. ಕಬ್ಣನೇ ಅಲ್ಲಲ್ಲಿ ನಿಂತು ಸುಧಾರಿಸ್ಕಂಡು ಏರ್ತದೆ. ಇಲ್ದಿದ್ರೆ ಸೀಳ್ಕತದೆ. ನೀವು ಮೂಳೆ ಮಾಂಸ. ಬೆಟ್ಟದ್ ವಿಚಾರ ನಂಗೇನ್ ಗೊತ್ತಪ್ಪ. ಬುಕ್ ಬರ್ದೋನ್ಗೆ ಗೊತ್ತಿರ್ಬೇಕಲ್ಲ? ಎಲ್ಲೂ ನಿಲ್ಸು ಅಂತ ಹೇಳಿಲ್ವಾ ಅವ್ನು?"

ಗಂಗರಾಜು ನನ್ನ ಕಡೆ ತಿರುಗಿದ. ಮುಖದಲ್ಲಿ ನಗು ಇನ್ನೂ ಇತ್ತು. "ಹೇಳವ್ನಾ ಮೂರ್ತಿ?"

ಇಲ್ಲ ಎಂದುಬಿಡಬಹುದಿತ್ತು. ಆ ಕೋಣೆಯಲ್ಲಿ ಪುಸ್ತಕ ಓದಬಲ್ಲವನು ನಾನೊಬ್ಬನೇ. ಹೊರಗೆ ತಗಡಿನ ಮೇಲೆ ಮಳೆ ಶುರುವಾದದ್ದು ನೆನಪಿದೆ.

"ಹೇಳಿದ್ದಾನೆ" ಎಂದೆ.

ತಿಮ್ಮರಾಯಪ್ಪ ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡರು. "ಯಾವ್ ಸಾಲು? ತೋರ್ಸಿ." ನಾನು ಪುಟ ತೆಗೆದು ತೋರಿಸಿದೆ. ಸಾಲು ತಪ್ಪಿಸಿಕೊಂಡೀತು ಎಂಬಂತೆ ಅವರು ಅದರ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದರು. ಆಮೇಲೆ ಬೆರಳನ್ನು ಸ್ವಲ್ಪ ಸರಿಸಿ, "ಓದಿ" ಎಂದರು.

ಓದಿದೆ. "ಈ ಹಳ್ಳಿಯಲ್ಲಿ ಒಂದು ಪೂರ್ತಿ ದಿನ ನಿಲ್ಲಿ. ಎಷ್ಟೇ ಗಟ್ಟಿಯಾಗಿದ್ದೇವೆ ಅನ್ನಿಸಿದರೂ ಮುಂದೆ ಹೋಗಬೇಡಿ. ಕಾಯಿಲೆ ಬಂದರೆ ಇಲ್ಲಿಂದ ಇಳಿಯುವುದು ಸುಲಭ. ಇನ್ನೂ ಮೇಲಿನಿಂದ ಸುಲಭವಲ್ಲ."

ಗಂಗರಾಜು ಡಬ್ಬಿಯ ಮುಚ್ಚಳ ಹಾಕಿದ. ಅರ್ಧ ಅನ್ನ ಹಾಗೇ ಇತ್ತು. ಎದ್ದು ಹೊರಗೆ ಹೋದ. ತಿಮ್ಮರಾಯಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ಸು ಕೊಟ್ಟರು. "ಕೊಳೆ ಮಾಡ್ಬುಟ್ಟೆ ಸಾರ್" ಎಂದರು, ತಪ್ಪು ತಮ್ಮದೇ ಎಂಬಂತೆ.

ಎರಡು ದಿನ ಗಂಗರಾಜು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ಬೈಕ್ ನಿಲ್ಲಿಸುವ ಕಡೆ ನನ್ನ ಗಾಡಿಗೆ ಒರಗಿ ನಿಂತಿದ್ದ.

"ಯಾಕ್ ಓದ್ಲಿಲ್ಲ ಅದ್ನ?"

"ರಜೆ ಸಾಲ್ತಿರ್ಲಿಲ್ಲ. ರೈಲಿಗೇ ನಾಲ್ಕು ದಿನ ಹೋಗುತ್ತೆ. ವಿಮಾನ ಅಂದ್ರೆ ನೀನು..."

"ನಾನ್ ಹೆದರ್ಕತೀನಿ ಅಂತ ನನ್ನ ಸಾಯ್ಸಕ್ ಹೊಂಟಿದ್ದಾ?"

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಗಾಡಿಯಿಂದ ಸರಿದು, "ವಿಮಾನನೇ ಬುಕ್ ಮಾಡು ಹೋಗು" ಎಂದ. "ಕಿಟ್ಕಿ ಸೀಟ್ ನಿಂಗೇ. ನಂಗ್ ಬೇಡ."

ಗಾಜಿನ ಮೇಲಿನ ಹಾಳೆ ಕಿತ್ತು ಹೊಸದು ಬರೆದೆ. ಈ ಸಲ ಗೆರೆ ಎರಡು ಕಡೆ ಚಪ್ಪಟೆಯಾಗಿ ನಿಂತು ಆಮೇಲೆ ಏರುತ್ತಿತ್ತು.

ಹೊರಡುವ ಹಿಂದಿನ ದಿನ ಮಧುರೆಗೆ ಹೋಗಿದ್ದೆ. ರಾಗಿ ಮೊಣಕಾಲೆತ್ತರ ಬಂದಿತ್ತು. ಗಂಗರಾಜುವಿನ ಹೆಂಡತಿ ಸುಜಾತ ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಎರಡು ಡಬ್ಬಿ ತುಂಬಿಟ್ಟಿದ್ದಳು. ಅವನು ಕೊಟ್ಟಿಗೆ ಕಡೆ ಹೋದಾಗ ಹತ್ತಿರ ಬಂದು, "ಅಣ್ಣಾ, ಇವ್ರು ಯಾರ್ ಮಾತೂ ಕೇಳಲ್ಲ. ನೀವ್ ಹೇಳಿದ್ರೆ ಮಾತ್ರ ಕಣ್ಮುಚ್ಕಂಡ್ ನಂಬ್ತಾರೆ" ಎಂದಳು. ನಾನು ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಾ ತಲೆ ತಗ್ಗಿಸಿಕೊಂಡೆ.

ವಿಮಾನ ಮೇಲೇಳುವಾಗ ಗಂಗರಾಜು ನನ್ನ ಮುಂಗೈ ಹಿಡಿದವನು ದೆಹಲಿಯಲ್ಲೇ ಬಿಟ್ಟದ್ದು. ಬೆರಳಿನ ಗುರುತು ಎರಡು ದಿನ ಇತ್ತು. ಆಮೇಲೆ ಬಸ್ಸು, ಆಮೇಲೆ ನಡಿಗೆ. ಮೊದಲೆರಡು ದಿನ ಅವನು ಮುಂದೆ, ನಾನು ಹಿಂದೆ. ನಮ್ಮ ಜೊತೆಗಿದ್ದ ಆ ಕಡೆಯ ಮಾರ್ಗದರ್ಶಿ, ಮಾತು ಕಡಿಮೆಯ ನಡುವಯಸ್ಸಿನವರು, ನಿಧಾನ ನಿಧಾನ ಎಂದು ಹಿಂದಿಯಲ್ಲಿ ಅವನಿಗೆ ಎಷ್ಟು ಸಲ ಹೇಳಿದರೋ. ಎರಡನೆಯ ಸಂಜೆ ಪುಸ್ತಕ ಹೇಳಿದ ಹಳ್ಳಿ ತಲುಪಿದೆವು. ಮೂರು ಸಾವಿರದ ಆರುನೂರು ಮೀಟರ್. ಕಲ್ಲಿನ ಹದಿನೈದು ಮನೆಗಳು, ಒಂದು ಫೋನು, ಹೇಸರಗತ್ತೆಗಳು ಓಡಾಡುವ ದಾರಿ.

ಮೂರನೆಯ ಬೆಳಿಗ್ಗೆ ಗಂಗರಾಜು ತಲೆನೋವು ಎಂದ. ನನಗೂ ಸ್ವಲ್ಪ ಇತ್ತು. ನನ್ನದು ಮಧ್ಯಾಹ್ನಕ್ಕೆ ಇಳಿಯಿತು. ಅವನು ಎರಡು ಸಲ ವಾಂತಿ ಮಾಡಿಕೊಂಡ. ಟೀ ಲೋಟವನ್ನು ಕಲ್ಲಿನ ಮೇಲೆ ಇಡಲು ಹೋಗಿ ಪಕ್ಕದ ಗಾಳಿಯಲ್ಲಿ ಇಟ್ಟ. ಲೋಟ ಬಿತ್ತು. ಬಿದ್ದದ್ದನ್ನು ಅವನು ನೋಡಲೇ ಇಲ್ಲ.

ಮಾರ್ಗದರ್ಶಿ ಅವನನ್ನು ಎಬ್ಬಿಸಿ ಅಂಗಳದ ಎರಡು ಸಾಲು ಚಪ್ಪಡಿಗಳ ನಡುವಿನ ಗೆರೆಯ ಮೇಲೆ ನಡೆಯಲು ಹೇಳಿದರು. ಒಂದು ಹಿಮ್ಮಡಿಯ ಮುಂದೆ ಇನ್ನೊಂದು. ಕಂಬ ಹತ್ತುವ ಗಂಗರಾಜು ಮೂರು ಹೆಜ್ಜೆಯೂ ಇಡಲಾರದೆ ಗೋಡೆಗೆ ತಾಗಿದ. "ಏನ್ ಗುರು, ಕುಡ್ದಿದ್ದೀನಾ ನಾನು?" ಎಂದು ನಗಲು ನೋಡಿದ. ನಾಲಿಗೆ ಎಳೆಯುತ್ತಿತ್ತು. ಮಾರ್ಗದರ್ಶಿ ನನ್ನ ಕಡೆ ತಿರುಗಿ, ಇದು ಎತ್ತರದ ಕಾಯಿಲೆ, ಈಗಲೇ ಇಳಿಸಬೇಕು, ನಾಳೆ ಎನ್ನಬೇಡಿ ಎಂದರು.

ಹೇಸರಗತ್ತೆ ಸಿಕ್ಕಿತು, ಎರಡು ಕಡೆ ಹಿಡಿದುಕೊಳ್ಳಲು ಹಳ್ಳಿಯ ಇಬ್ಬರು ಬಂದರು. ನಾನು ಹಿಂದೆ ನಡೆದೆ. ಆ ಮೂರು ಗಂಟೆಯಲ್ಲಿ ಕಣ್ಣಿಗೆ ಏನು ಕಂಡಿತೋ ತಿಳಿಯದು. ನನ್ನ ಮೊದಲ ಹಾಳೆಯ ಕೆಂಪು ಗೆರೆ ಮಾತ್ರ ಕಾಣುತ್ತಿತ್ತು. ಅದರ ಪ್ರಕಾರ ಆ ಹೊತ್ತಿಗೆ ನಾವು ನಾಲ್ಕು ಸಾವಿರದ ನೂರು ಮೀಟರಿನ ಬಯಲಿನಲ್ಲಿರಬೇಕಿತ್ತು. ಅಲ್ಲಿ ಮನೆಯಿಲ್ಲ, ಫೋನಿಲ್ಲ, ಹೇಸರಗತ್ತೆಯಿಲ್ಲ. ಆ ಗೆರೆಯಂತೆ ಹೋಗಿದ್ದರೆ ಗಂಗರಾಜು ತಲೆನೋವನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಮೂರ್ತಿಯ ಲೆಕ್ಕ ಕೆಟ್ಟೀತು ಎಂದು ನಡೆದುಬಿಡುತ್ತಿದ್ದ.

ಹೊತ್ತು ಮುಳುಗುವ ಮುಂಚೆ ಕೆಳಗಿನ ಊರು ತಲುಪಿದೆವು. ಅವನು ಮಲಗಿದ. ನಾನು ಉಸಿರು ಎಣಿಸುತ್ತ ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಬಿಸಿಲು ಬಾಗಿಲೊಳಗೆ ಬಂದಾಗ ಕಣ್ಣು ಬಿಟ್ಟ. ಹುರಿಹಿಟ್ಟು ಕಲಸಿ ಕೊಡು ಎಂದ. ಕೊಟ್ಟೆ. ಲೋಟವನ್ನು ತಾನೇ ಹಿಡಿದು ಕುಡಿದು, ನೆಲದ ಮೇಲೆ ಸರಿಯಾಗಿ ಇಟ್ಟ.

"ಬೆಲ್ಲ ಕಮ್ಮಿ ಹಾಕವ್ಳೆ ಕಣೋ ಸುಜಾತ."

ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಮನೆಯ ಹಿಂದಕ್ಕೆ ಹೋದೆ. ಅಲ್ಲೊಂದು ಸೌದೆ ರಾಶಿಯಿತ್ತು. ಅದನ್ನು ಹಿಡಿದುಕೊಂಡು, ಯಾರೂ ಇಲ್ಲದ್ದನ್ನು ನೋಡಿಕೊಂಡು, ಜೋರಾಗಿಯೇ ಅತ್ತೆ. ಅಷ್ಟು ಹಗುರವಾಗಿ ನಾನು ಹಿಂದೆಂದೂ ಅತ್ತದ್ದು ನೆನಪಿಲ್ಲ.

ಪಾಸ್ ದಾಟಲಿಲ್ಲ. ಬಸ್ಸಿನ ಊರಿನ ವೈದ್ಯರು ಪರೀಕ್ಷೆ ಮಾಡಿ, ಗಂಡಾಂತರ ಕಳೆದಿದೆ, ಈ ಸಲ ಮತ್ತೆ ಮೇಲೆ ಹೋಗಬೇಡಿ ಎಂದರು. ಉಳಿದ ರಜೆಯನ್ನು ಆ ಊರಿನ ಸೇಬಿನ ತೋಟಗಳಲ್ಲಿ ಸುಮ್ಮನೆ ಕೂತು ಕಳೆದೆವು.

ಮಧುರೆಗೆ ಬಂದ ದಿನವೇ ಸುಜಾತಳಿಗೆ ಎಲ್ಲ ಹೇಳಿದೆ. ಓದದೆ ಬಿಟ್ಟ ಸಾಲನ್ನೂ ಹೇಳಿದೆ. ಗಂಗರಾಜು "ಅದ್ಯಾಕೀಗ ಬುಡು" ಎನ್ನುತ್ತಲೇ ಇದ್ದ. ಅವಳು ಎದ್ದು ಒಳಗೆ ಹೋದಳು. ಇನ್ನು ಈ ಮನೆಗೆ ಬರುವಂತಿಲ್ಲ ಅಂದುಕೊಂಡೆ. ತಟ್ಟೆ ತಂದು ಮುದ್ದೆ ಬಡಿಸಿದಳು. ಉಂಡು ಹೊರಟೆ. ಬಾಗಿಲಲ್ಲಿ, "ಇನ್ಮೇಲೆ ಏನ್ ಬರ್ದಿದ್ರೂ ಪೂರ್ತಿ ಓದಿ ಹೇಳಿ ಅಣ್ಣ" ಎಂದಳು. ಅಷ್ಟೇ.

ಕಾರ್ಖಾನೆಯಲ್ಲಿ ಹೊಸ ಇಟ್ಟಿಗೆಯ ಕುಲುಮೆಯನ್ನು ಮೊದಲ ಸಲ ಕಾಯಿಸುತ್ತಿದ್ದರು. ತಿಮ್ಮರಾಯಪ್ಪ ಮೀಟರಿನ ಮುಂದೆ ಸ್ಟೂಲು ಹಾಕಿ ಕೂತಿದ್ದರು. ಮುಳ್ಳು ನೂರೈವತ್ತು ಡಿಗ್ರಿಯಲ್ಲಿ ನಿಂತಿತ್ತು.

"ನಿಲ್ಸಿದ್ರಾ ಸಾರ್?"

"ನಿಲ್ಲಿಸಿದ್ವಿ ತಿಮ್ಮಣ್ಣ."

ಮುಂದೆ ಏನಾಯಿತೆಂದು ಹೇಳಿದೆ. ಅವರು ಮುಳ್ಳಿನಿಂದ ಕಣ್ಣು ತೆಗೆಯದೆ ಕೇಳಿದರು. ಕೊನೆಗೆ ಕೈ ಚಾಚಿ ನನ್ನ ಮುಂಗೈಯನ್ನು ಒಮ್ಮೆ ತಟ್ಟಿದರು. ಇದು ಇನ್ನೂ ಎಷ್ಟು ಹೊತ್ತು ಎಂದು ಬಾಯಿಗೆ ಬಂದಿತ್ತು. ಕೇಳಲಿಲ್ಲ. ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಕಳೆದ ಭಾನುವಾರ ಗಂಗರಾಜು ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ, "ಇನ್ನೊಂದ್ಸಲ ಹೋಗಾಣ ಕಣೋ ಮೂರ್ತಿ. ಆ ಪಾಸ್ ಬೇಡ, ಇನ್ನೂ ತಗ್ಗಿಂದು ಯಾವ್ದಾದ್ರೂ" ಎಂದ. ನಾನು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡೆ. ಅವನು ವಾಪಸ್ಸು ಎಳೆದುಕೊಂಡ.

"ನೀನ್ ಬೇಡ. ನಾನ್ ಓದ್ತೀನಿ. ತಿಳೀದಿರೋ ಪದಕ್ಕೆ ಮಾತ್ರ ಅರ್ಥ ಹೇಳು."

ಮೊದಲ ಪುಟದಿಂದ ಶುರು ಮಾಡಿದ. ಒಂದೊಂದು ಪದದ ಕೆಳಗೂ ಬೆರಳಿಟ್ಟು, ಅಕ್ಷರ ಕೂಡಿಸಿ, ಎಡವಿದರೆ ಸಾಲಿನ ಮೊದಲಿಗೆ ಹೋಗಿ ಮತ್ತೆ. ಎರಡು ಪುಟ ಮುಗಿಯುವಷ್ಟರಲ್ಲಿ ಅಂಗಳದ ಬಿಸಿಲು ಕಟ್ಟೆಯಿಂದ ಇಳಿದಿತ್ತು. ನಾನು ಗಡಿಯಾರ ನೋಡಲಿಲ್ಲ.

ಅಡುಗೆಮನೆಯಿಂದ ಸುಜಾತ ಕೂಗಿ ಕೇಳಿದಳು, "ಆ ಸಾಲು ಬಂತಾ?"

"ಇನ್ನಾ ಇಲ್ಲ ಕಣೇ" ಎಂದ ಗಂಗರಾಜು, ಬೆರಳೆತ್ತದೆ. "ಬರ್ತೈತೆ, ಇರು."